ಲಾಂಡ್ರಿ ಹಗ್ಗದ ಮೇಲೆ ಆರು ಬಟ್ಟೆ

ಆ ನೆಲೆಯಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಒಂದೇ ಕಾಂಪೌಂಡಿನೊಳಗೆ ಮೂವತ್ತೊಂದು ವರ್ಷದಿಂದ ಬಾಳ್ವೆ ಮಾಡುತ್ತಿದ್ದವು. ಬಾಳ್ವೆ ಅಂದರೆ, ಒಂದೇ ಮನೆಯಲ್ಲಿ ಮೂರು ಒಲೆ ಹೂಡಿಕೊಂಡ ವಾರಗಿತ್ತಿಯರ ಬಾಳ್ವೆ. ಎದುರಿಗೆ ನಗು, ಬೆನ್ನ ಹಿಂದೆ ಮೂತಿ ತಿರುವು. ನೌಕಾಪಡೆಯವರು ಗಟ್ಟಿ ನೆಲದ ಮೇಲೆ ನಿಂತೇ ಅದನ್ನು ಡೆಕ್ ಎನ್ನುತ್ತಿದ್ದರು. ಗೇಟು ದಾಟಿ ಪೇಟೆಗೆ ಹೊರಟರೆ 'ದಡಕ್ಕೆ ಹೋಗಿ ಬರ್ತೀವಿ' ಎನ್ನುತ್ತಿದ್ದರು. ವಾಯುಪಡೆಯವರು ಎರಡನೇ ಮಹಡಿಗೆ ಹತ್ತಿದರೂ ಎಷ್ಟು ಅಡಿ ಏರಿದೆವು ಅಂತ ಬರೆದಿಡುತ್ತಿದ್ದರು. ಭೂಸೇನೆಯವರು ಅಲುಗಾಡದ್ದಕ್ಕೆಲ್ಲ ಸುಣ್ಣ ಬಳಿಯುತ್ತಿದ್ದರು: ಕಲ್ಲು, ಮರದ ಬುಡ, ನಲ್ಲಿಕಟ್ಟೆ. ಒಂದು ಸಲ ದಾರಿ ಬದಿಯಲ್ಲಿ ಏನೋ ಯೋಚನೆ ಮಾಡುತ್ತಾ ನಿಂತಿದ್ದ ಆಮೆಗೂ ಸುಣ್ಣ ಬಿದ್ದು, ಅದು ಇವತ್ತಿಗೂ ಬೆಳ್ಳಗೆ ತಿರುಗಾಡುತ್ತಿದೆ. ನಂಬದವರು ಹೋಗಿ ಆಮೆಯನ್ನೇ ಕೇಳಬಹುದು.

ಈ ಮೂವರೂ ಒಪ್ಪಿಕೊಂಡಿದ್ದ ಸಂಗತಿ ಒಂದೇ ಒಂದು, ಲಾಂಡ್ರಿ. ಮೂರು ಲಾಂಡ್ರಿ ಕಟ್ಟಲು ಜಾಗವಿರಲಿಲ್ಲ, ಒಂದು ಕಟ್ಟಿದರೆ ಅದು ಯಾರ ಗಡಿಯೊಳಗೆ ಇರಬೇಕು ಅನ್ನುವುದು ಇತ್ಯರ್ಥವಾಗಲಿಲ್ಲ. ಕೊನೆಗೆ ಮೂರೂ ಗಡಿ ಕೂಡುವ ಮೂಲೆಯಲ್ಲಿ, ಸಮುದ್ರಕ್ಕೆ ಮುಖ, ಗುಡ್ಡಕ್ಕೆ ಬೆನ್ನು ಮಾಡಿ ಒಂದು ಉದ್ದನೆಯ ಶೆಡ್ಡು ಕಟ್ಟಿದರು. ಬಾಯ್ಲರು ವಾಯುಪಡೆಯದ್ದು, ನೀರು ನೌಕಾಪಡೆಯದ್ದು, ಸೋಪು ಭೂಸೇನೆಯದ್ದು. ಕೈ ಮಾತ್ರ ಲಾಂಡ್ರಿ ಅಕ್ಕನದ್ದು.

ಲಾಂಡ್ರಿ ಅಕ್ಕನಿಗೆ ನಲವತ್ತಾರು. ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡಿದ್ದ. ಅವನೇ ಬಾಯ್ಲರು ನೋಡಿಕೊಳ್ಳುತ್ತಿದ್ದವನು. ಒಳ್ಳೆಯವನು, ಮಾತು ಕಡಿಮೆ, ಕೆಮ್ಮು ಜಾಸ್ತಿ. ಅವನು ಹೋದಮೇಲೆ ಅವಳು ಸಾವಿರದ ಇನ್ನೂರು ಜನರ ಬಟ್ಟೆಯನ್ನು ಒಂದು ಗುಂಡಿಯೂ ಅದಲುಬದಲಾಗದಂತೆ ನಿಭಾಯಿಸಿದಳು. ಜೊತೆಗೆ ಇದ್ದವಳು ಅವಳ ಚಿಕ್ಕಮ್ಮ. ಎಪ್ಪತ್ತು ದಾಟಿದ ಜೀವ, ಇಸ್ತ್ರಿ ಅವಳದೇ. ಅವಳು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಯಿಂದ ಒಬ್ಬ ಸಿಪಾಯಿ ಸೇಬು ಹೆಚ್ಚಿಕೊಂಡು ತಿಂದದ್ದನ್ನು ಇಡೀ ನೆಲೆ ನೋಡಿದೆ. ಅವಳ ನಾಲಿಗೆ ಆ ಗೆರೆಗಿಂತ ಚೂಪು.

ಕಥೆ ಶುರುವಾದದ್ದು ಒಂದು ಮಂಗಳವಾರ ಬೆಳಗ್ಗೆ. ಅಕ್ಕ ಹಗ್ಗದ ಮೇಲೆ ಬಟ್ಟೆ ಹರವಿ, ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾಗುವಷ್ಟರಲ್ಲಿ ಗುಡ್ಡದ ಕಡೆಯಿಂದ ನೌಕಾಪಡೆಯ ಆರು ಜನ ಸ್ಟ್ರೆಚರ್ ಹೊತ್ತು ಓಡಿ ಬಂದರು. ಅವರ ಹಿಂದೆ ಏದುಸಿರು ಬಿಡುತ್ತಾ ಒಬ್ಬ ಡಾಕ್ಟರು.

"ಎಲ್ಲಿ, ಎಲ್ಲಿ? ಯಾರಿಗೆ ಏನಾಗಿದೆ?"

"ಯಾರಿಗೆ?" ಅಂದಳು ಅಕ್ಕ.

"ತುರ್ತು ವೈದ್ಯರು ಬೇಕು ಅಂತ ಸಂಕೇತ ಕೊಟ್ಟಿದ್ದೀರಲ್ಲಮ್ಮ! ಗೋಪುರದಿಂದ ನೋಡಿ ಹೇಳಿದ್ರು."

ಅಕ್ಕ ತನ್ನ ಹಗ್ಗದ ಕಡೆ ತಿರುಗಿ ನೋಡಿದಳು. ಎರಡು ಬಿಳಿ ಪ್ಯಾಂಟು, ಒಂದು ನೀಲಿ ಅಂಗಿ, ಮೂರು ಹಸಿರು ಬನಿಯನ್ನು. ಯಾವುದೂ ನರಳುತ್ತಿರಲಿಲ್ಲ.

ಒಳಗಿಂದ ಚಿಕ್ಕಮ್ಮ ಕೂಗಿದಳು: "ಡಾಕ್ಟ್ರು ಬಂದಿದ್ದಾರೇನೇ? ಬಂದೋರನ್ನ ಬರಿಗೈಲಿ ಕಳಿಸ್ಬೇಡ. ನನ್ನ ಮಂಡಿ ನೋಡಿ ಹೋಗ್ಲಿ."

ಡಾಕ್ಟರು ಮಂಡಿ ನೋಡಿದರು. ಸ್ಟ್ರೆಚರ್ ಹೊತ್ತವರು ನೀರು ಕುಡಿದರು. ಅವರ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ, ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ ನಿಂತಿದ್ದವನೇ ಬಾವುಟಪ್ಪ.

ಅವನ ನಿಜವಾದ ಹೆಸರು ಸಂಬಳದ ಪಟ್ಟಿಗೂ ಮರೆತುಹೋಗಿತ್ತು. ಲಾಂಡ್ರಿಯ ಹಿಂದಿನ ಗುಡ್ಡದ ಮೇಲಿನ ಗೋಪುರದಲ್ಲಿ ಕೂತು, ಬರುವ ಹಡಗುಗಳ ಬಾವುಟ ಓದಿ, ಬಾವುಟದಲ್ಲೇ ಉತ್ತರ ಕೊಡುವುದು ಅವನ ಕೆಲಸ. ಅವನು ಗೋಪುರ ಹತ್ತಿದ ವಾರವೇ ಹಡಗುಗಳಿಗೆಲ್ಲ ಹೊಸ ರೇಡಿಯೋ ಬಂತು. ಆಮೇಲೆ ಆರು ವರ್ಷ ಒಂದೇ ಒಂದು ಹಡಗು ಅವನ ಕಡೆ ಬಾವುಟ ಹಾರಿಸಲಿಲ್ಲ. ದುರ್ಬೀನು ಹಿಡಿದು ಕಾಯುತ್ತಾ ಕಾಯುತ್ತಾ ಅವನ ಬಲಗಣ್ಣು ಎಡಗಣ್ಣಿಗಿಂತ ಒಂದು ಸುತ್ತು ದಪ್ಪವಾಗಿತ್ತು. ಅಂಥವನ ಮುಂದೆ ದಿನಾ ಬೆಳಗ್ಗೆ ಯಾರೋ ಹಗ್ಗದ ಮೇಲೆ ಬಿಳಿ, ನೀಲಿ, ಹಸಿರು ಸಾಲಾಗಿ ಏರಿಸಿದರೆ ಅವನಾದರೂ ಏನು ಮಾಡಬೇಕು?

ಆ ಬಂದರಿನ ಹಳೇ ಸಂಕೇತದಲ್ಲಿ ಬಣ್ಣ ಮೂರೇ. ಓದುವವನು ತಾನು ನಿಂತ ಕಡೆಯಿಂದಲೇ ಎಡದಿಂದ ಬಲಕ್ಕೆ ಓದಬೇಕು. ಒಟ್ಟು ಇನ್ನೂರ ಹದಿನಾಲ್ಕು ವಾಕ್ಯ. ಆಮೇಲೆ ಗೊತ್ತಾಯಿತು, ಹಿಂದಿನ ತಿಂಗಳು ಕಾವಲು ದೋಣಿಯೊಂದು ಕಾರಣವಿಲ್ಲದೆ ಮೂರು ಸುತ್ತು ಹಾಕಿ ಬಂದಿತ್ತಲ್ಲ, ಅದು ವಾಯುಪಡೆಯ ಹೊದಿಕೆ ಒಗೆದ ದಿನ. ಭೂಸೇನೆಯ ಕಾವಲು ಇಮ್ಮಡಿಯಾದದ್ದು ಮೇಜರ್ ಸಾಹೇಬರ ಲಂಗೋಟಿಯಿಂದ. ಈ ವಿಷಯ ತಿಳಿದ ಮೇಲೆ ಮೇಜರ್ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ.

ಮೂರೂ ಪಡೆಗಳ ದೊಡ್ಡವರು ಸಭೆ ಸೇರಿದರು. ನಾಲ್ಕು ತಾಸು ಚರ್ಚೆಯಾಯಿತು. ಇನ್ನು ಮುಂದೆ ಒಂದೊಂದು ಪಡೆಯ ಬಟ್ಟೆಯನ್ನು ಒಂದೊಂದು ಹಗ್ಗದ ಮೇಲೇ ಒಣಗಿಸತಕ್ಕದ್ದು, ಬೆರೆಸಿದರೆ ಲಾಂಡ್ರಿ ಕೆಲಸವೇ ಹೋದೀತು ಅಂತ ತೀರ್ಮಾನವಾಯಿತು. ಇದಕ್ಕೆ ಹಿಡಿದದ್ದು ಹತ್ತು ನಿಮಿಷ. ಉಳಿದ ಸಮಯವೆಲ್ಲ ಯಾರ ಹಗ್ಗ ಮೊದಲನೆಯದು ಅನ್ನುವುದಕ್ಕೆ. ಕೊನೆಗೆ ಯಾರೂ ಮೊದಲಿನವರಾಗದಂತೆ ಹಗ್ಗವನ್ನು ತ್ರಿಕೋನವಾಗಿ ಕಟ್ಟಿದರು. ಸಮುದ್ರದ ಕಡೆಯ ಹಗ್ಗ ನೌಕಾಪಡೆಗೆ ಬಂತು.

ಆ ಸಂಜೆ ಬಾವುಟಪ್ಪ ಲಾಂಡ್ರಿಯ ಬಾಗಿಲಲ್ಲಿ ನಿಂತಿದ್ದ. ಕೂರಲಿಲ್ಲ. ಕೊಟ್ಟ ಚಹಾವನ್ನು ನಿಂತೇ, ಕಾಲಗಲಿಸಿ, ನೆಲ ಅಲುಗಾಡೀತು ಅನ್ನುವ ಹಾಗೆ ಕುಡಿದ.

"ನಿಮಗೆ ತೊಂದ್ರೆ ಆಯ್ತು. ಕ್ಷಮಿಸಿ."

"ಮಂಡಿ ನೋವು ಹೋಯ್ತಲ್ಲಪ್ಪ, ತೊಂದ್ರೆ ಏನು ಬಂತು," ಅಂದಳು ಚಿಕ್ಕಮ್ಮ ಇಸ್ತ್ರಿ ಎತ್ತದೆ. "ನಿಂಗೆ ಹೆಂಡ್ತಿ ಮಕ್ಕಳು?"

"ಚಿಕ್ಕಮ್ಮಾ!" ಅಂದಳು ಅಕ್ಕ.

"ಇಲ್ಲ," ಅಂದ ಬಾವುಟಪ್ಪ. "ಹಡಗಲ್ಲೇ ಇದ್ದೆ. ಆಮೇಲೆ ಗೋಪುರ." ಅವನ ಮಾತು ಹಾಗೇ, ಎರಡು ಪದ ಏರಿಸಿ ಇಳಿಸುವುದು. ಲೋಟ ಕೆಳಗಿಟ್ಟು ಬಾಗಿಲ ತನಕ ಹೋದವನು ತಿರುಗಿದ. "ಒಂದು ಮಾತು. ನಿಮ್ಮದು ಬರೀ ಬಟ್ಟೆ ಅಂತ ನಂಗೂ ಮೊದಲನೇ ವಾರಾನೇ ಗೊತ್ತಾಗಿತ್ತು ಅನ್ಸುತ್ತೆ. ಆದ್ರೂ ಓದ್ತಿದ್ದೆ. ಆರು ವರ್ಷದಲ್ಲಿ ನನ್ನ ಕಡೆ ತಿರುಗಿ ಮಾತಾಡಿದ್ದು ನಿಮ್ಮ ಹಗ್ಗ ಒಂದೇ."

ಅಷ್ಟು ಉದ್ದನೆಯ ಮಾತು ಆಡಿದ್ದಕ್ಕೆ ಅವನೇ ಬೆಚ್ಚಿಬಿದ್ದು, ಟೋಪಿ ಮರೆತು ಗುಡ್ಡ ಹತ್ತಿಬಿಟ್ಟ.

ಮರುದಿನ ಟೋಪಿ ವಾಪಸು ಕೊಡುವಾಗ ಅಕ್ಕ ಸಂಕೇತದ ಪುಸ್ತಕ ಕೇಳಿದಳು. "ಮತ್ತೆ ತಪ್ಪಾಗಬಾರ್ದು ನೋಡಿ, ಅದಕ್ಕೆ."

"ತ್ರಿಕೋನ ಕಟ್ಟಿದ ಮೇಲೆ ತಪ್ಪಾಗೋದು ಹೆಂಗೆ?" ಅಂತ ಚಿಕ್ಕಮ್ಮ ಒಳಗಿಂದ ಕೇಳಿದಳು. ಅಷ್ಟರಲ್ಲಿ ಪುಸ್ತಕ ಅಕ್ಕನ ಕೈ ಸೇರಿಯಾಗಿತ್ತು.

ದೊಡ್ಡವರ ಆದೇಶದಲ್ಲಿ ಒಂದು ತೂತು ಉಳಿದಿತ್ತು. ಅದು ಮೂರು ಪಡೆಗಳ ಬಟ್ಟೆಗೆ ಮಾತ್ರ ಅನ್ವಯ. ಅಕ್ಕನ ಮನೆ ಬಟ್ಟೆ ಯಾವ ಪಡೆಗೂ ಸೇರಿರಲಿಲ್ಲ. ಬಾಯ್ಲರ್ ಕೋಣೆಯ ಹಿಂದೆ, ಗುಡ್ಡದ ಕಡೆಗೆ, ಅವಳು ನಾಲ್ಕನೆಯ ಹಗ್ಗ ಕಟ್ಟಿದಳು. ಎರಡು ನೀಲಿ ಟವೆಲು, ಒಂದು ಹಸಿರು ಶಾಲು, ಬಿಳಿ ದಿಂಬಿನ ಕವರು, ಬಿಳಿ ಹಾಸಿಗೆ ಬಟ್ಟೆ. ಪುಸ್ತಕ ನೋಡಿಕೊಂಡು, ನಾಲಿಗೆ ಕಚ್ಚಿಕೊಂಡು, ಪಿನ್ನು ಸಿಕ್ಕಿಸಿದಳು. 'ನಿಮ್ಮ ಕಡೆ ಹವೆ ಹೇಗಿದೆ?'

ಗೋಪುರದಲ್ಲಿ ದುರ್ಬೀನು ಕೆಳಗೆ ಬಿದ್ದ ಸದ್ದು ಲಾಂಡ್ರಿಗೆ ಕೇಳಿಸಿತು ಅಂತ ಚಿಕ್ಕಮ್ಮ ಇವತ್ತಿಗೂ ಆಣೆ ಮಾಡುತ್ತಾಳೆ. ಎರಡೇ ನಿಮಿಷದಲ್ಲಿ ಗುಡ್ಡದ ಮೇಲೆ ನಿಜವಾದ ಬಾವುಟಗಳು ಸರಸರ ಏರಿದವು. ಆರು ವರ್ಷ ಮಡಿಸಿಟ್ಟು ಗೆರೆ ಬಿದ್ದಿದ್ದವು. ಅಕ್ಕ ಪುಟ ತಿರುವಿದಳು. 'ಮಳೆ ಬರುತ್ತಿದೆ. ಹಾಯಿ ಇಳಿಸಿ.'

ಮೇಲೆ ನೋಡಿದರೆ ಬಿಸಿಲು. ಆದರೂ ಅವಳು ಸಾವಿರದ ಇನ್ನೂರು ಜನರ ಬಟ್ಟೆ ಎತ್ತಿ ಒಳಗೆ ಹಾಕಿದಳು. ಕೊನೆಯ ಬನಿಯನ್ನು ಬಾಗಿಲು ದಾಟುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ಎತ್ತರದಲ್ಲಿ ಕೂತವನಿಗೆ ಮೋಡ ಮೊದಲು ಕಾಣುತ್ತದೆ. ಆವತ್ತಿನಿಂದ ಆ ಲಾಂಡ್ರಿಯ ಒಂದು ಕರವಸ್ತ್ರವೂ ಮಳೆಯಲ್ಲಿ ನೆನೆಯಲಿಲ್ಲ. ವಾಯುಪಡೆಯ ಹವಾಮಾನದವರು ಗುಟ್ಟಾಗಿ ಲಾಂಡ್ರಿ ನೋಡಿಕೊಂಡು ವರದಿ ಬರೆಯುತ್ತಿದ್ದರಂತೆ.

ಹಾಗೆ ಎಂಟು ತಿಂಗಳು ನಡೆಯಿತು. ಇನ್ನೂರ ಹದಿನಾಲ್ಕು ವಾಕ್ಯದಲ್ಲಿ ಒಂದರಲ್ಲೂ ಪ್ರೀತಿ, ಇಷ್ಟ, ನೆನಪು ಅನ್ನುವ ಪದಗಳಿರಲಿಲ್ಲ. ಬರೆದವರು ಬಂದರಿನ ಅಧಿಕಾರಿಗಳು. ಇದ್ದದ್ದರಲ್ಲೇ ಹೊಂದಿಸಿಕೊಂಡರು. ಬೆಳಗ್ಗೆ ಅವಳು 'ನಿಮ್ಮ ಎಂಜಿನ್ ಸುಸ್ಥಿತಿಯಲ್ಲಿದೆಯೇ?' ಅಂತ ಕೇಳುವಳು. ಅವನಿಗೆ ನೆಗಡಿಯಾದ ದಿನ 'ನೀರು ಒಳಗೆ ಬರುತ್ತಿದೆ, ಅಪಾಯವಿಲ್ಲ' ಅಂತ ಉತ್ತರ ಬರುವುದು. ಗಂಡ ತೀರಿಕೊಂಡ ದಿನಾಂಕ ಬಂದಾಗ ಅವಳು ಹಗ್ಗಕ್ಕೆ ಏನೂ ಹಾಕಲಿಲ್ಲ. ಗೋಪುರದ ಮೇಲೆ ಮಧ್ಯಾಹ್ನ ಒಂದೇ ಸಾಲು ಏರಿತು: 'ನಿಮ್ಮ ಪಕ್ಕದಲ್ಲೇ ನಿಧಾನವಾಗಿ ಸಾಗುತ್ತಿದ್ದೇನೆ.' ಅದನ್ನು ಅವನು ಸಂಜೆಯ ತನಕ ಇಳಿಸಲಿಲ್ಲ. ಅವಳು ಅವತ್ತು ಭೂಸೇನೆಯ ಹದಿನೆಂಟು ಕೋಟುಗಳನ್ನು ಎರಡೆರಡು ಸಲ ಒಗೆದಳು.

ಮುಖಾಮುಖಿ ಸಿಕ್ಕರೆ ಮಾತ್ರ ಇಬ್ಬರ ಮಾತೂ ಇಷ್ಟೇ.

"ಬಂದ್ರಾ?"

"ಬಂದೆ."

"ಚಹಾ?"

"ಆಗ್ಲಿ."

"ಅಬ್ಬಬ್ಬಾ, ಏನು ಮಾತು, ಏನು ಮಾತು! ನನ್ನ ಕಿವಿ ತೂತು ಬಿತ್ತು," ಅನ್ನುವಳು ಚಿಕ್ಕಮ್ಮ.

ಚಿಕ್ಕಮ್ಮನಿಗೆ ವಿಷಯ ಖಾತ್ರಿಯಾದದ್ದು ಕಾಲುಚೀಲದಿಂದ. ಒಂದು ದಿನ ಅಕ್ಕ ಗುಡ್ಡದ ಕಡೆ ನೋಡುತ್ತಾ ನೋಡುತ್ತಾ ಮನೆಯ ಬಿಳಿ ಬಟ್ಟೆಯ ಜೊತೆ ಭೂಸೇನೆಯ ಹೊಸ ಹಸಿರು ಕಾಲುಚೀಲಗಳನ್ನು ಒಂದೇ ಬಿಸಿನೀರಿಗೆ ಹಾಕಿಬಿಟ್ಟಳು. ಹಾಸಿಗೆ ಬಟ್ಟೆ, ದಿಂಬಿನ ಕವರು ಎಲ್ಲ ಎಳೇ ಬಾಳೆಲೆಯಾಗಿ ಹೊರಬಂದವು. ಇಪ್ಪತ್ತೆರಡು ವರ್ಷದ ಲಾಂಡ್ರಿ ಕೆಲಸದಲ್ಲಿ ಅವಳು ಮಾಡಿದ ಮೊದಲ ತಪ್ಪು.

ಚಿಕ್ಕಮ್ಮ ಆ ಕವರನ್ನು ಬೆಳಕಿಗೆ ಹಿಡಿದು ನೋಡಿದಳು. "ನಿನ್ನ ಮದುವೆ ಗೊತ್ತಾದಾಗ್ಲೂ ನೀನು ಬಣ್ಣ ಬೆರೆಸಿರ್ಲಿಲ್ಲ ಕಣೇ," ಅಂದಳು. ಬೈಯಲಿಲ್ಲ. ಅದಕ್ಕೇ ಅಕ್ಕನಿಗೆ ಹೆಚ್ಚು ಗಾಬರಿಯಾದದ್ದು.

ಅದೇ ವಾರ ನೌಕಾಪಡೆಯವರಿಗೆ ಗೋಪುರ ನೆನಪಾಯಿತು. ಯಾವ ಹಡಗೂ ನೋಡದ ಬಾವುಟಕ್ಕೆ ಗೋಪುರವೇಕೆ, ಮುಚ್ಚಿ ಅಂತ ಕಾಗದ ಬಂತು. ಗುರುವಾರ ಸಂಜೆ ಬಾವುಟಪ್ಪ ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಒಂದು ಹಾಳೆ.

"ನಾಳೆ ಹತ್ತು ಗಂಟೆಗೆ ಹಡಗು," ಅಂದ. "ಹೊರಡೋದ್ರೊಳಗೆ ಇದಕ್ಕೆ ಸಹಿ ಹಾಕ್ಬೇಕು. ಈ ಕಡೆ ಹಾಕಿದ್ರೆ ಇಲ್ಲೇ ನಿವೃತ್ತಿ. ಆ ಕಡೆ ಹಾಕಿದ್ರೆ ಇನ್ನೈದು ವರ್ಷ ಬೇರೆ ಬಂದರು. ಎರಡು ದಿನದ ದಾರಿ."

"ಯಾವ ಕಡೆ ಹಾಕ್ತೀರಿ?"

"ಇಲ್ಲಿದ್ದು ಏನ್ಮಾಡ್ಲಿ? ಗೋಪುರ ಇರಲ್ಲ." ಅವನು ಹಾಳೆಯನ್ನು ನಾಲ್ಕಾಗಿ ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. "ಯಾರಾದ್ರೂ ಇರು ಅಂದ್ರೆ, ಅದು ಬೇರೆ ಮಾತು."

ಅಕ್ಕನ ಎದೆಯಲ್ಲಿ ಇನ್ನೂರ ಹದಿನಾಲ್ಕು ವಾಕ್ಯಗಳೂ ಒಟ್ಟಿಗೆ ಎದ್ದು ನಿಂತವು. ಬಾಯಿಗೆ ಬಂದದ್ದು ಇನ್ನೂರ ಹದಿನೈದನೆಯದು.

"ಚಹಾ ಆರುತ್ತೆ," ಅಂದಳು.

ಅವನು ಕುಡಿದ. ಪುಸ್ತಕ ನೀವೇ ಇಟ್ಟುಕೊಳ್ಳಿ ಅಂದ. ಹೋದ.

"ಚಹಾ ಆರುತ್ತಂತೆ!" ಚಿಕ್ಕಮ್ಮ ಇಸ್ತ್ರಿಯನ್ನು ದಡಾರನೆ ಇಟ್ಟಳು. "ಆ ಬಾಯಿ ಯಾಕೆ ಕೊಟ್ಟಿದ್ದಾನೆ ದೇವ್ರು, ಪಿನ್ನು ಕಚ್ಕೊಳ್ಳೋಕಾ? ಗಂಡ ಹೋಗಿ ಹನ್ನೊಂದು ವರ್ಷ ಆಯ್ತು. ಅವನಿದ್ದಿದ್ರೆ ಅವನೇ ಕೆಮ್ಮಿ ಕೆಮ್ಮಿ ಹೇಳ್ತಿದ್ದ, ಹೋಗೇ ಅಂತ."

"ಬಾಯಿಂದ ಬರಲ್ಲ ಚಿಕ್ಕಮ್ಮ. ನಾನೇನು ಮಾಡ್ಲಿ?"

"ಬಾಯಿಂದ ಬರದಿದ್ರೆ ಎಲ್ಲಿಂದ ಬರುತ್ತೋ ಅಲ್ಲಿಂದ ಹೇಳು."

ಶುಕ್ರವಾರ ಬೆಳಗ್ಗೆ ಅಕ್ಕ ಪುಸ್ತಕ ಬಿಡಿಸಿ ಕೂತಳು. ನೂರ ಮೂವತ್ತೊಂದನೆಯ ವಾಕ್ಯ: 'ಇಲ್ಲೇ ಲಂಗರು ಹಾಕಿ, ನೆಲ ಗಟ್ಟಿಯಾಗಿದೆ.' ಹಸಿರು, ಹಸಿರು, ನೀಲಿ, ಬಿಳಿ, ನೀಲಿ, ಬಿಳಿ. ಆರು ಬಟ್ಟೆ. ಆದರೆ ಬಾವುಟಪ್ಪ ಈಗ ಗುಡ್ಡದ ಮೇಲಿಲ್ಲ, ಬಂದರಿನಲ್ಲಿ ಹಡಗಿನ ಮೇಲಿದ್ದಾನೆ. ಹಡಗು ಹೊರಡುವ ದಿನ ಹೊರಗಿನವರನ್ನು ಕಟ್ಟೆಯ ಹತ್ತಿರಕ್ಕೂ ಬಿಡುವುದಿಲ್ಲ. ಹಿಂದಿನ ನಾಲ್ಕನೆಯ ಹಗ್ಗ ಅಲ್ಲಿಗೆ ಕಾಣುವುದಿಲ್ಲ. ಕಾಣುವುದು ಮುಂದಿನದು ಒಂದೇ, ನೌಕಾಪಡೆಯದ್ದು. ಅದರ ಮೇಲೆ ಬೇರೆ ಪಡೆಯ ಒಂದು ನೂಲು ಬಿದ್ದರೂ ಕೆಲಸ ಹೋಗುತ್ತದೆ.

"ಚಿಕ್ಕಮ್ಮ, ಇಬ್ಬರ ಕೆಲಸಾನೂ ಹೋಗ್ಬಹುದು."

"ನಂಗೆ ಎಪ್ಪತ್ತೆರಡು. ಯಾವತ್ತು ಬಿಡಿಸ್ತಾರೆ ಅಂತ ನಾನೇ ಕಾಯ್ತಿದ್ದೀನಿ. ಏಳು."

ಭೂಸೇನೆಯ ಎರಡು ಹಸಿರು ಕಂಬಳಿ. ವಾಯುಪಡೆಯ ಎರಡು ನೀಲಿ ಹೊದಿಕೆ. ಬಿಳಿ ಮಾತ್ರ ಸಿಗಲಿಲ್ಲ. ನೌಕಾಪಡೆಯ ಬಿಳಿಯೆಲ್ಲ ಬೆಳಗಾಗುವ ಮುಂಚೆಯೇ ಅದೇ ಹಡಗಿಗೆ ಹೋಗಿತ್ತು. ಮನೆಯ ಬಿಳಿಯೆಲ್ಲ ಆ ವಾರವೇ ಹಸಿರಾಗಿತ್ತು. ಹುಡುಕಿ ಹುಡುಕಿ ನೌಕಾಪಡೆಯ ಕಮಾಂಡರ್ ಸಾಹೇಬರ ಮೇಜುಬಟ್ಟೆ ಒಂದು ಸಿಕ್ಕಿತು.

"ಇನ್ನೊಂದು ಬಿಳಿ ಬೇಕು," ಅಂದಳು ಅಕ್ಕ, ಅಳುವ ಹಾಗೆ.

"ನನ್ನ ತಲೆಗೂದಲು ಆಗುತ್ತೇನು ನೋಡು. ಹಾಕೇ ಇದ್ದಷ್ಟನ್ನ! ಒಂಬತ್ತೂವರೆ ಆಯ್ತು."

ಅಕ್ಕ ಅಂಗಳಕ್ಕೆ ಬಂದು, ಸಮುದ್ರಕ್ಕೆ ಮುಖ ಮಾಡಿ ನಿಂತು, ಎಂಟು ತಿಂಗಳು ಮಾಡಿದ ಹಾಗೇ ಎಡದಿಂದ ಬಲಕ್ಕೆ ಸಾಲಾಗಿ ಐದನ್ನು ಹಾಕಿದಳು. ಕೊನೆಯ ಬಿಳಿಯ ಜಾಗವನ್ನು ಖಾಲಿ ಬಿಟ್ಟು, ಎರಡು ಪಿನ್ನು ಸುಮ್ಮನೆ ಸಿಕ್ಕಿಸಿದಳು. ಅವನು ಅರ್ಥ ಮಾಡಿಕೊಳ್ಳುತ್ತಾನೆ ಅಂದುಕೊಂಡಳು.

ಎಂಟು ತಿಂಗಳು ಅವನು ಅವಳ ಬೆನ್ನ ಹಿಂದೆ, ಗುಡ್ಡದ ಮೇಲೆ ಇದ್ದ. ಇವತ್ತು ಎದುರಿಗಿದ್ದಾನೆ. ಅವಳ ಎಡ ಅವನಿಗೆ ಬಲ. ಇದು ಅವಳ ತಲೆಗೆ ಹೊಳೆಯಲೇ ಇಲ್ಲ. ಹಡಗಿನಿಂದ ನೋಡಿದರೆ ಆ ಸಾಲು ಹಿಂದುಮುಂದು: ನೀಲಿ, ಬಿಳಿ, ನೀಲಿ, ಹಸಿರು, ಹಸಿರು. ಪುಸ್ತಕದ ಎಂಬತ್ತೆಂಟನೆಯ ವಾಕ್ಯ. 'ದೂರವಿರಿ. ನನ್ನಲ್ಲಿ ಸಿಡಿಮದ್ದಿದೆ.'

ಹಡಗಿನಲ್ಲಿ ಅದನ್ನು ಓದಬಲ್ಲವನು ಒಬ್ಬನೇ, ಅವನು ಓದಿ ಹೇಳಿದ. ಮೊದಲು ಹಡಗಿನ ಸೈರನ್ನು ಕೂಗಿತು. ಬಂದರಿನಲ್ಲಿ ಸಿಡಿಮದ್ದಿನ ಸಂಕೇತ ಕಂಡರೆ ಯಾವ ಹಡಗೂ ಹೊರಡುವಂತಿಲ್ಲ, ಅದು ಕಾನೂನು. ಸೈರನ್ನು ಕೇಳಿ ವಾಯುಪಡೆಯವರು ಇಳಿಯುತ್ತಿದ್ದ ವಿಮಾನವನ್ನು ವಾಪಸು ಮೇಲಕ್ಕೆ ಕಳಿಸಿದರು. ವಿಮಾನ ಮೇಲೆ ಹೋದದ್ದು ಕಂಡು ಭೂಸೇನೆಯವರು ನಾಲ್ಕೇ ನಿಮಿಷದಲ್ಲಿ ಇಡೀ ನೆಲೆ ಖಾಲಿ ಮಾಡಿಸಿದರು. ಸಾವಿರದ ಇನ್ನೂರು ಜನ, ಅಡುಗೆಯವರು ಸೌಟಿನ ಸಮೇತ, ಡಾಕ್ಟರು ಸ್ಟ್ರೆಚರ್ ಸಮೇತ, ಗುಡ್ಡದ ಆಚೆ ಬೋರಲು ಮಲಗಿದರು. ಸುಣ್ಣದ ಆಮೆ ಎಲ್ಲರಿಗಿಂತ ಮುಂದಿತ್ತು ಅನ್ನುತ್ತಾರೆ.

ಅಂಗಳದಲ್ಲಿ ಉಳಿದವರು ಇಬ್ಬರೇ. "ಎಲ್ರೂ ಎಲ್ಲಿಗೆ ಓಡಿದ್ರು?" ಅಂದಳು ಅಕ್ಕ.

"ಊಟದ ಗಂಟೆ ಇನ್ನೂ ಆಗಿಲ್ಲವಲ್ಲ," ಅಂದಳು ಚಿಕ್ಕಮ್ಮ.

ಆಗ ಕಾಣಿಸಿತು, ಹಡಗಿನ ಪಕ್ಕದಿಂದ ಒಂದು ಪುಟ್ಟ ದೋಣಿ. ಜಗತ್ತೆಲ್ಲ ಲಾಂಡ್ರಿಯಿಂದ ದೂರ ಓಡುತ್ತಿದ್ದಾಗ ಅದೊಂದೇ ಈ ಕಡೆಗೆ ಬರುತ್ತಿತ್ತು. ಒಬ್ಬನೇ ಹುಟ್ಟು ಹಾಕುತ್ತಿದ್ದ. ದೋಣಿ ದಡ ಮುಟ್ಟುವ ಮೊದಲೇ ನೀರಿಗೆ ಹಾರಿ, ಮಂಡಿಯ ತನಕ ಒದ್ದೆಯಾಗಿ, ಹೊರಡುವ ದಿನಕ್ಕೆಂದು ಚಿಕ್ಕಮ್ಮನೇ ಇಸ್ತ್ರಿ ಮಾಡಿಕೊಟ್ಟಿದ್ದ ಬಿಳಿ ಸಮವಸ್ತ್ರದಲ್ಲಿ ಬಾವುಟಪ್ಪ ಅಂಗಳಕ್ಕೆ ಬಂದ. ಟೋಪಿ ಎಲ್ಲೋ ಹೋಗಿತ್ತು.

"ಎಲ್ಲಿದೆ?"

"ಏನು?"

"ಸಿಡಿಮದ್ದು! ದೂರ ಇರಿ, ಸಿಡಿಮದ್ದಿದೆ ಅಂತ ಹಾಕಿದ್ದೀರಲ್ಲ!"

ಅಕ್ಕ ಅವನನ್ನು ನೋಡಿದಳು, ಹಗ್ಗವನ್ನು ನೋಡಿದಳು, ಸಮುದ್ರವನ್ನು ನೋಡಿದಳು. ಕೈ ತಾನಾಗಿ ಬಾಯಿಗೆ ಹೋಯಿತು.

"ಸಿಡಿಮದ್ದಾ?" ಅಂದಳು ಚಿಕ್ಕಮ್ಮ. "ಇಗೋ, ಇಲ್ಲೇ ನಿಂತಿದ್ದಾಳೆ. ಇಪ್ಪತ್ತೆರಡು ವರ್ಷದಿಂದ ಒದ್ದೆಯಾಗಿತ್ತು, ಇವತ್ತು ಒಣಗಿದೆ." ಅಷ್ಟು ಹೇಳಿ, ಮಂಡಿ ಹಿಡಿದುಕೊಂಡು, ಒಳಗೆ ಹೋದಳು. ಕಿಟಕಿಯ ಹತ್ತಿರವೇ ನಿಂತಳು ಅನ್ನುವುದು ಬೇರೆ ವಿಷಯ.

ಅಕ್ಕನಿಗೆ ಮಾತು ಬಂತು. ಹೇಗೆ ಬಂತೋ ಅವಳಿಗೂ ಗೊತ್ತಿಲ್ಲ. "ದೂರ ಇರಿ ಅಂತ ಓದಿದ್ರಲ್ಲ. ಮತ್ತೆ ಯಾಕೆ ಬಂದ್ರಿ?"

ಬಾವುಟಪ್ಪ ಉಸಿರು ಹಿಡಿದುಕೊಂಡ. "ನಿಮ್ಮ ಹಗ್ಗ ಇಷ್ಟು ದಿನ ನಂಗೆ ಸುಳ್ಳು ಹೇಳಿಲ್ಲ. ಇದೆ ಅಂದ್ರೆ ಇದೆ. ಇದ್ರೆ ನೀವೊಬ್ರೇ ಇರೋದು ಬೇಡ ಅನ್ನಿಸ್ತು."

"ನನ್ನನ್ನೇ ದೂರ ಇರು ಅಂತಿದ್ದಾಳೆ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಅರ್ಧ ದಾರಿ ಬಂದಮೇಲೆ."

"ಮತ್ತೆ?"

"ಅರ್ಧ ದಾರಿ ಬಂದಾಗಿತ್ತಲ್ಲ."

ಅಕ್ಕ ಅವನ ತೋಳು ಹಿಡಿದಳು. ಮೊದಲ ಸಲ. ಹಗ್ಗದ ಕೆಳಗೆ ಬಗ್ಗಿಸಿ, ಕಂಬಳಿಗಳ ಅಡಿಯಿಂದ ಈ ಕಡೆಗೆ ಕರೆತಂದು, ಹೆಗಲು ಹಿಡಿದು ಸಮುದ್ರದ ಕಡೆ ತಿರುಗಿಸಿ ನಿಲ್ಲಿಸಿದಳು. "ಇಲ್ಲಿಂದ ಓದಿ," ಅಂದಳು.

ಅವನು ಓದಿದ. ತುಟಿ ಅಲುಗಾಡುತ್ತಿತ್ತು. ಹಸಿರು, ಹಸಿರು, ನೀಲಿ. ದಪ್ಪಗಿನ ಬಲಗಣ್ಣು ಮೊದಲು ತುಂಬಿತು, ಎಡಗಣ್ಣು ಸ್ವಲ್ಪ ತಡವಾಗಿ. ಬಿಳಿ, ನೀಲಿ. ಆಮೇಲೆ ಖಾಲಿ ಜಾಗ, ಎರಡು ಪಿನ್ನು.

"ಒಂದು ಬಿಳಿ ಕಮ್ಮಿ ಇದೆ," ಅಂದ.

"ಸಿಗ್ಲಿಲ್ಲ."

"ಅದಿಲ್ಲದಿದ್ರೆ ವಾಕ್ಯ ಮುಗಿಯಲ್ಲ."

"ಗೊತ್ತು."

ದೂರದಲ್ಲಿ ಹಡಗು ಇನ್ನೂ ಕೂಗುತ್ತಿತ್ತು. ಗುಡ್ಡದ ಮೇಲಿಂದ ಒಂದೊಂದೇ ತಲೆ ಇಣುಕತೊಡಗಿತ್ತು: ಒಂದು ಹಸಿರು ಟೋಪಿ, ಒಂದು ನೀಲಿ ಟೋಪಿ, ಒಂದು ಸೌಟು. ನೆಲೆಯ ಮೂರೂ ಪಡೆಗಳು ಆಮೇಲೆ ಮೂರು ವರದಿ ಬರೆದವು. ಭೂಸೇನೆಯವರು ನಾಲ್ಕು ನಿಮಿಷದಲ್ಲಿ ನೆಲೆ ಖಾಲಿ ಮಾಡಿದ ಯಶಸ್ವೀ ಅಭ್ಯಾಸ ಅಂತ ಬರೆದುಕೊಂಡರು. ಆ ಅಭ್ಯಾಸ ಏರ್ಪಡಿಸಿದವರು ತಾವು ಅಂತ ವಾಯುಪಡೆಯವರು ಬರೆದರು, ತಾವು ಅಂತ ನೌಕಾಪಡೆಯವರೂ ಬರೆದರು. ಲಾಂಡ್ರಿಯವಳನ್ನು ಶಿಕ್ಷಿಸಬೇಕಾದರೆ ಮೂವರೂ ಹೆದರಿ ಬೋರಲು ಮಲಗಿದ್ದನ್ನು ಒಪ್ಪಿಕೊಳ್ಳಬೇಕಾಗಿತ್ತು. ಹಾಗಾಗಿ ಯಾರೂ ಬಾಯಿ ಬಿಡಲಿಲ್ಲ.

ಆದರೆ ಇದೆಲ್ಲ ಆಮೇಲಿನ ಮಾತು. ಆಗ ಅಂಗಳದಲ್ಲಿ ಬಾವುಟಪ್ಪ ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದ. ಅಕ್ಕನ ಬೆನ್ನನ್ನೇ ಮೇಜು ಮಾಡಿಕೊಂಡು, ಈ ಕಡೆ ಸಹಿ ಹಾಕಿದ. ಅವಳಿಗೆ ಕಚಗುಳಿಯಾಯಿತು, ಆದರೂ ಅಲುಗಾಡಲಿಲ್ಲ. ಹಾಳೆಯನ್ನು ಮಡಿಸಿಟ್ಟು ಅವನು ಬಿಳಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಇಪ್ಪತ್ತೊಂಬತ್ತು ವರ್ಷದ ನೌಕರಿಯನ್ನು ಮೈಯಿಂದ ಕಳಚಿ, ಒಂದು ಸಲ ಝಾಡಿಸಿ, ಬನಿಯನ್ನಿನಲ್ಲೇ ಹಗ್ಗದ ಹತ್ತಿರ ಹೋದ.

"ತೋಳಿಗೆ ಪಿನ್ನು ಹಾಕ್ಬೇಡಿ, ಗುರುತು ಬೀಳುತ್ತೆ," ಅಂದಳು ಅಕ್ಕ. "ಬುಡಕ್ಕೆ ಹಾಕಿ, ತಲೆಕೆಳಗಾಗಿ."

ಅವನು ಹಾಗೇ ಹಾಕಿದ. ಗಾಳಿ ಬಂತು. ಆರೂ ಬಟ್ಟೆಗಳು ಒಟ್ಟಿಗೆ ಎದ್ದವು.

ಕಿಟಕಿಯಿಂದ ಚಿಕ್ಕಮ್ಮ ಕೂಗಿದಳು: "ಚಹಾ ಇಟ್ಟಿದ್ದೀನಿ. ಈ ಸಲ ಕೂತ್ಕೊಂಡು ಕುಡಿಯೋಕೆ ಹೇಳು ಅವನಿಗೆ. ನೆಲ ಗಟ್ಟಿಯಾಗಿದೆ."